ಒಡೆದ ಸ್ವರಕ್ಕೆ ಬಿದ್ದ ಓಟು

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಟ್ರ್ಯಾಕಮ್ಮ ಎಂದೇ ಕರೆಯುತ್ತಿದ್ದರು. ದೊಡ್ಡ ಗಾಯಕರು ಬರುವ ಮುಂಚೆ ಹಾಡನ್ನು ಒಮ್ಮೆ ಹಾಡಿ ದಾರಿ ಮಾಡಿಡುವುದು ಅವಳ ಕಸುಬು. ಆಮೇಲೆ ದೊಡ್ಡವರು ಬಂದು ಅದೇ ದಾರಿಯಲ್ಲಿ ನಡೆದು ಹೆಸರು ಮಾಡುತ್ತಿದ್ದರು, ಇವಳ ದನಿಯನ್ನು ಅಳಿಸಿಹಾಕುತ್ತಿದ್ದರು. ಹರೆಯದಿಂದ ಹೀಗೆ ಅಳಿಸಿಹೋಗುತ್ತಲೇ ಹೊಟ್ಟೆ ಹೊರೆದ ಹೆಂಗಸು. ಅದಕ್ಕಾಗಿ ಯಾರ ಹತ್ತಿರವೂ ಗೊಣಗಿದವಳಲ್ಲ. ಆದರೆ ಈ ಭಾನುವಾರ ಸಂಜೆ, ವೇದಿಕೆಯ ಹಿಂದಿನ ಪ್ಲೈವುಡ್ ಗೂಡಿನಲ್ಲಿ ಹೆಡ್‌ಫೋನ್ ಏರಿಸಿ ಕೂತವಳು ಎಂದಿನ ಕಸುಬಿಗೆ ಬಂದಿರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಅವಳು ಒಂದು ಹಾಡನ್ನು ಬೇಕೆಂದೇ ಕೆಡಿಸಬೇಕಿತ್ತು. ಕೆಡಿಸದಿದ್ದರೆ ತಂಗಿಯ ಮಗಳು ಉಳಿಯುವುದಿಲ್ಲ.

ಕಾರ್ಯಕ್ರಮ ಇದ್ದದ್ದು ಹೀಗೆ. ಹಾಡಲು ಬಾರದ ಆರು ಜನ ಪ್ರಖ್ಯಾತರು ವಾರವಾರ ಹಾಡುವುದು. ಒಬ್ಬೊಬ್ಬರ ಪಾಲಿಗೆ ಒಂದೊಂದು ಕಾಯಿಲೆಯ ಮಗು. ನೋಡುವವರು ಫೋನಿನಿಂದ ಓಟು ಹಾಕುವುದು, ಓಟಿನ ಕಾಸೆಲ್ಲ ಒಂದೇ ಗಂಟಿಗೆ ಬೀಳುವುದು. ಕೊನೆಗೆ ಗೆದ್ದವರ ಮಗುವಿಗೆ ಇಡೀ ಗಂಟು. ಉಳಿದ ಮಕ್ಕಳಿಗೆ ಒಂದು ಗೊಂಬೆ, ಒಂದು ಹೂಗುಚ್ಛ, ನಿರೂಪಕನದೊಂದು ಅಪ್ಪುಗೆ. ಮಕ್ಕಳ ಜೀವವನ್ನು ಹೀಗೆ ಪಂದ್ಯಕ್ಕೆ ಒಡ್ಡಬಹುದೆಂದು ಹೊಳೆದ ಪುಣ್ಯಾತ್ಮನಿಗೆ ಚಾನೆಲ್ಲಿನಲ್ಲಿ ಬಡ್ತಿ ಕೂಡ ಸಿಕ್ಕಿತಂತೆ.

ಆರು ಜನರಲ್ಲಿ ಒಬ್ಬಳು ಧಾರಾವಾಹಿಯ ನಟಿ. ನೋಡಲು ಚಂದ, ಅಳಲು ಇನ್ನೂ ಚಂದ. ಬಾಯಿಬಿಟ್ಟು ಹಾಡಿದರೆ ಮಾತ್ರ ಬೀದಿನಾಯಿಗಳು ಎದ್ದು ಕೂರುತ್ತಿದ್ದವು. ಮೊದಲೇ ಹಾಡಿಸಿಟ್ಟ ಹಾಡಿಗೆ ತುಟಿ ಆಡಿಸಿದರೆ ಉಸಿರು ಹೊಂದುವುದಿಲ್ಲ, ಜನ ಕಂಡುಹಿಡಿಯುತ್ತಾರೆ ಎಂದು ಕಾರ್ಯಕ್ರಮದ ಮ್ಯಾನೇಜರ್ ಟ್ರ್ಯಾಕಮ್ಮನನ್ನು ಗೂಡಿನಲ್ಲಿ ಕೂರಿಸಿದ. ಪುಟ್ಟ ಪರದೆಯಲ್ಲಿ ನಟಿಯ ಭುಜ ಏರಿದಾಗ ಇವಳು ಉಸಿರೆಳೆದುಕೊಳ್ಳುವುದು, ತುಟಿ ತೆರೆದಾಗ ದನಿ ಬಿಡುವುದು. ಮನೆಯವರ ಹತ್ತಿರವೂ ತುಟಿಪಿಟಿಕ್ಕೆನ್ನಬಾರದು ಎಂಬ ಕರಾರು. ಬರುವ ಸಂಬಳ ಗುಬ್ಬಿಯ ಔಷಧಿಗೆ ಸರಿಹೋಗುತ್ತಿತ್ತು, ಇವಳು ಒಪ್ಪಿಕೊಂಡಳು.

ಗುಬ್ಬಿ ತಂಗಿಯ ಒಬ್ಬಳೇ ಮಗಳು, ಹತ್ತರ ಪೋರಿ. ಅಪ್ಪ ಎನ್ನಿಸಿಕೊಂಡವನು ಕಾಯಿಲೆಯ ಹೆಸರು ಕೇಳಿದ ದಿನವೇ ಜಾಗ ಖಾಲಿ ಮಾಡಿದ್ದ; ತಾಯಿ ಮಗಳು ಅಂದಿನಿಂದ ಟ್ರ್ಯಾಕಮ್ಮನ ಮನೆಯಲ್ಲೇ ಇದ್ದರು. ಮಗುವಿನ ಹೃದಯದ ಒಂದು ಕವಾಟ ಹುಟ್ಟಿನಿಂದ ಸರಿಯಿಲ್ಲ. ಈಗ ನಾಲ್ಕು ಹೆಜ್ಜೆ ನಡೆದರೆ ತುಟಿ ನೀಲಿಗಟ್ಟುತ್ತದೆ. ಇಡೀ ದಿನ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿರುವವಳಿಗೆ ಕಿವಿಯೇ ಆಟದ ಬಯಲು. ಮೆಟ್ಟಿಲ ಮೇಲಿನ ಕಾಲ ಸದ್ದಿನಲ್ಲೇ ಬಂದವರು ಹಾಲಿನವನೋ ಮೇಲಿನ ಮನೆಯವರೋ ಹೇಳಿಬಿಡುತ್ತಿದ್ದಳು. ಮಗು ನಿದ್ದೆಹೋಗಿದೆ ಎಂದುಕೊಂಡು ಟ್ರ್ಯಾಕಮ್ಮ ಪಾತ್ರೆ ತೊಳೆಯುತ್ತ ವಾರದ ಹಾಡನ್ನು ಗುನುಗಿಕೊಳ್ಳುತ್ತಿದ್ದಳು.

ತಂಗಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಬಟ್ಟೆ ಮಡಚುವವಳು. ಅಲ್ಲಿಯ ಡಾಕ್ಟರೊಬ್ಬರು ಹೇಳಿದರೆಂದು ಅಕ್ಕನಿಗೂ ತಿಳಿಸದೆ ಗುಬ್ಬಿಯ ಫೋಟೋವನ್ನು ಇದೇ ಕಾರ್ಯಕ್ರಮಕ್ಕೆ ಕಳಿಸಿಬಿಟ್ಟಿದ್ದಳು. ಮೊದಲ ದಿನ ವೇದಿಕೆಯ ಮೇಲೆ ಚೀಟಿ ಎತ್ತಿದರು. ನಟಿಗೆ ಲಿವರ್ ಕೆಟ್ಟ ಎಳೆಯ ಮಗುವೊಂದು ಬಂತು. ಆರು ಜನರಲ್ಲಿ ಇನ್ನೊಬ್ಬನಾದ ನಿವೃತ್ತ ಗೋಲ್‌ಕೀಪರ್ ತನ್ನ ಚೀಟಿ ಬಿಡಿಸಿ ಹಿಡಿದ. ಗೂಡಿನ ಪರದೆಯ ತುಂಬ ಗುಬ್ಬಿಯ ಮುಖ. ಇನ್ನು ಟ್ರ್ಯಾಕಮ್ಮ ಹಾಡಬೇಕಾದದ್ದು ಗುಬ್ಬಿಯ ಎದುರಾಳಿಗೆ.

ಸತ್ಯ ಹೇಳುವಂತಿರಲಿಲ್ಲ. ಕಾರ್ಯಕ್ರಮದಲ್ಲಿ ದುಡಿಯುವವರ ನೆಂಟರಿಗೆ ಗಂಟಿನಲ್ಲಿ ಪಾಲಿಲ್ಲ ಎಂಬುದು ಮೊದಲ ನಿಯಮ; ಬಾಯಿಬಿಟ್ಟರೆ ಗುಬ್ಬಿಯೇ ಹೊರಗೆ. ಗಂಟಲು ಸರಿಯಿಲ್ಲ ಎಂದು ನೆಪ ಹೇಳಿ ನೋಡಿದಳು.

"ಹೋಗಮ್ಮ, ಯಾರು ಬೇಡ ಅಂದ್ರು?" ಎಂದ ಮ್ಯಾನೇಜರ್, ಫೋನಿನಿಂದ ತಲೆ ಎತ್ತದೆ. "ನಾಳೆನೇ ಇನ್ನೊಬ್ಬಳು ಬಂದು ಕೂತ್ಕೋತಾಳೆ. ನಿಮಗಿಂತ ಎಳೇ ಗಂಟಲು."

ಅವಳು ಉಳಿದಳು. ಬಿಟ್ಟರೆ ಬೇರೊಬ್ಬಳು ಚೆನ್ನಾಗಿ ಹಾಡುತ್ತಾಳೆ, ಇದ್ದರೆ ಕೆಡಿಸಬಹುದು. ನಡುವೆ ಕೆಡಿಸಿದರೆ ಇನ್ನೂ ಕೆಟ್ಟದಾಗಿ ಹಾಡುವವರು ಉದುರುತ್ತಾರೆ, ಮುಂದಿನ ವಾರ ಗೂಡಿಗೆ ಬೇರೊಬ್ಬಳು ಬರುತ್ತಾಳೆ. ಕೆಡಿಸುವುದಾದರೆ ಕೊನೆಯ ದಿನ, ಕೊನೆಯ ಹಾಡನ್ನೇ ಕೆಡಿಸಬೇಕು. ಹಾಗೆಂದು ಲೆಕ್ಕ ಹಾಕಿ ಪ್ರತಿ ವಾರ ಹೊಟ್ಟೆಯಲ್ಲಿ ವಿಷ ಇಟ್ಟುಕೊಂಡವಳ ಹಾಗೆ ಬಂದು ಚೆನ್ನಾಗಿ ಹಾಡಿ ಹೋಗುತ್ತಿದ್ದಳು. ಒಬ್ಬೊಬ್ಬರೇ ಉದುರಿ ಕೊನೆಗೆ ಉಳಿದವರು ಇಬ್ಬರೇ, ನಟಿ ಮತ್ತು ಗೋಲ್‌ಕೀಪರ್. ಗೋಲ್‌ಕೀಪರ್ ತನ್ನ ಸ್ವಂತ ಗಂಟಲಲ್ಲೇ ಹಾಡುತ್ತಿದ್ದ. ಆ ಪುಣ್ಯಾತ್ಮ ಜೀವಮಾನದಲ್ಲಿ ಹಿಡಿಯಲಾಗದೆ ಬಿಟ್ಟದ್ದು ಶ್ರುತಿಯೊಂದನ್ನೇ. ಆದರೂ ಬೆವರು ಸುರಿಸಿಕೊಂಡು ಮನಸ್ಸಿಟ್ಟು ಹಾಡುತ್ತಿದ್ದ, ಜನಕ್ಕೆ ಅವನ ಮೇಲೆ ಪ್ರೀತಿಯಿತ್ತು. ನಟಿ ಒಂದು ಸಲ ಮುಗ್ಗರಿಸಿದರೆ ಗುಬ್ಬಿ ಗೆದ್ದಂತೆಯೇ.

ಬೆಳಿಗ್ಗೆ ಮನೆಯಲ್ಲಿ ಜಗಳವಾಗಿತ್ತು. ಗುಬ್ಬಿ ಸ್ಟುಡಿಯೋದ ದೀಪಗಳ ಕೆಳಗೆ ಕೂರುವುದು ಬೇಡ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು, ತಾಯಿ ಮಗಳು ಮನೆಯಲ್ಲೇ ನೋಡುವವರು.

"ಸಂಜೆ ನೀನೂ ಇರು ಅಕ್ಕ, ಒಟ್ಟಿಗೆ ನೋಡೋಣ," ಎಂದಳು ತಂಗಿ.

"ರೆಕಾರ್ಡಿಂಗ್ ಇದೆ ಕಣೇ."

"ಇವತ್ತೂನಾ? ಇವಳ ಜೀವ ತೂಗ್ತಾ ಇರೋ ದಿನಾನೂ ನಿಂಗೆ ಯಾರದೋ ಹಾಡೇ ಹೆಚ್ಚಾಯ್ತಾ?"

ಟ್ರ್ಯಾಕಮ್ಮ ಚಪ್ಪಲಿಗೆ ಕಾಲು ತೂರಿಸಿದಳು. ತಂಗಿ ಕಣ್ಣೊರೆಸಿಕೊಂಡು ಫೋನನ್ನು ಮಗಳ ಮಡಿಲಿಗೆ ಹಾಕಿದಳು. "ನಿನ್ನ ಕೈಗುಣ ಒಳ್ಳೇದು. ಓಟು ನೀನೇ ಒತ್ತು ಪುಟ್ಟ. ಒಂದು ಫೋನಿಗೆ ಹತ್ತು ಓಟಂತೆ, ಒಂದನ್ನೂ ಬಿಡ್ಬೇಡ."

ಗುಬ್ಬಿ ದೊಡ್ಡಮ್ಮನನ್ನೇ ನೋಡುತ್ತಿದ್ದಳು. "ಚೆನ್ನಾಗಿ ಹಾಡು ದೊಡ್ಡಮ್ಮ," ಎಂದಳು. ಟ್ರ್ಯಾಕಮ್ಮ ತಿರುಗಿ ನೋಡದೆ ಮೆಟ್ಟಿಲಿಳಿದಳು.

ಸ್ಟುಡಿಯೋದ ಓಣಿಯಲ್ಲಿ ನೀರಿನ ಯಂತ್ರದ ಹತ್ತಿರ ನಟಿಯ ಪಾಲಿಗೆ ಬಂದಿದ್ದ ಮಗುವಿನ ಅಪ್ಪ ನಿಂತಿದ್ದ. ಗೋಡೆಗೆ ಬಣ್ಣ ಬಳಿಯುವವನು, ಉಗುರಿನ ಸಂದಿಯಲ್ಲಿ ಬಿಳಿ ಸುಣ್ಣ ಹಾಗೇ ಇತ್ತು. ಹೆಗಲ ಮೇಲಿನ ಮಗುವಿನ ಕಣ್ಣು ಹಳದಿ. ಟ್ರ್ಯಾಕಮ್ಮ ಲೋಟ ಹಿಡಿಯುವಷ್ಟರಲ್ಲಿ ಮಗು ಅವಳ ಬೆರಳನ್ನು ಹಿಡಿದುಕೊಂಡು ಬಿಡಲೇ ಒಲ್ಲದು.

"ನೀವೂ ಇಲ್ಲೇ ಕೆಲಸನಾ ಮೇಡಂ?" ಎಂದ ಅವನು. "ಆ ನಟಿಯಮ್ಮ ಎಷ್ಟು ಚೆನ್ನಾಗಿ ಹಾಡ್ತಾರೆ ಅಲ್ವಾ! ಅವರ ಗಂಟಲಲ್ಲೇ ನನ್ನ ಮಗು ಉಸಿರು ಇದೆ ಅಂತ ನನ್ನ ಹೆಂಡ್ತಿ ಹೇಳ್ತಾಳೆ."

ಬೆರಳು ಬಿಡಿಸಿಕೊಳ್ಳಲು ಅವಳಿಗೆ ತುಂಬ ಹೊತ್ತು ಹಿಡಿಯಿತು. ಇವರ ಮುಖ ನೋಡದಂತೆ ಮಾಡು, ಕಿವುಡಿ ಮಾಡು, ನನ್ನನ್ನು ಇಲ್ಲಿಂದ ಎತ್ತಿಕೊಂಡು ಹೋಗು ಎಂದು ಯಾರನ್ನೋ ಬೇಡಿಕೊಳ್ಳುತ್ತ ಗೂಡಿಗೆ ಬಂದು ಬಾಗಿಲು ಹಾಕಿಕೊಂಡಳು. ಆ ಮಗುವಿಗೆ ಕೇಡು ಮಾಡುತ್ತಿದ್ದೇನೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡುವವಳಿದ್ದಳು.

ಗೋಲ್‌ಕೀಪರ್ ಮೊದಲು ಹಾಡಿದ. ಎಂದಿನಂತೆ ಶ್ರುತಿ ಬಿಟ್ಟ, ಎಂದಿನಂತೆ ಜನ ಚಪ್ಪಾಳೆ ತಟ್ಟಿದರು. ಮುಂದೆ ನಟಿ. ಪರದೆಯಲ್ಲಿ ಅವಳ ಭುಜ ಏರಿತು, ಟ್ರ್ಯಾಕಮ್ಮ ಉಸಿರೆಳೆದುಕೊಂಡಳು.

ತಾಯಿಯೊಬ್ಬಳು ಮಗುವಿನ ಜ್ವರ ಇಳಿಯಲೆಂದು ಕಾಯುವ ಹಾಡು ಅದು. ಪಲ್ಲವಿಯನ್ನು ಒಂದು ಕೂದಲೆಳೆಯೂ ಆಚೀಚೆಯಾಗದಂತೆ ಹಾಡಿದಳು. ಮೊದಲೇ ಕೆಟ್ಟರೆ ಮೈಕು ಮುಚ್ಚಿ ಬರಿಯ ವಾದ್ಯ ನುಡಿಸಿಬಿಡುತ್ತಾರೆ. ಎರಡನೆಯ ಚರಣದಲ್ಲಿ ರಾಗ ಮೇಲಕ್ಕೆ, ಇನ್ನೂ ಮೇಲಕ್ಕೆ ಏರಿ ತುದಿಯಲ್ಲಿ ನಿಲ್ಲಬೇಕು. ಅವಳು ಏರಿದಳು. ಕೈಯನ್ನು ಮುಷ್ಟಿ ಕಟ್ಟಿ, ಹಳದಿ ಕಣ್ಣುಗಳನ್ನು ತಲೆಯಿಂದ ತಳ್ಳಿ, ಗುಬ್ಬಿಯ ನೀಲಿ ತುಟಿಯನ್ನು ಕಣ್ಣಮುಂದೆ ತಂದುಕೊಂಡು, ತುದಿಯಲ್ಲಿ ದನಿಯನ್ನು ಕೈಬಿಟ್ಟಳು. ಪಿಂಗಾಣಿ ತಟ್ಟೆ ಬಿದ್ದಂತೆ ಸ್ವರ ಒಡೆದುಹೋಯಿತು.

ಪರದೆಯಲ್ಲಿ ನಟಿಯ ಕಣ್ಣು ಒಂದು ಕ್ಷಣ ಕಕ್ಕಾಬಿಕ್ಕಿಯಾದದ್ದನ್ನು ಟ್ರ್ಯಾಕಮ್ಮ ಕಂಡಳು. ಒಂದೇ ಕ್ಷಣ. ಆಮೇಲೆ ನಟಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಭುಜ ಕುಗ್ಗಿತು. ಮೊಣಕಾಲೂರಿ ಕುಸಿದು, ಮುಂದಿನ ಸಾಲಿನಲ್ಲಿದ್ದ ಮಗುವಿನ ಕಡೆ ಕೈ ಚಾಚಿ ಬಿಕ್ಕಿಬಿಕ್ಕಿ ಅಳತೊಡಗಿದಳು. ವರ್ಷಗಟ್ಟಲೆ ಧಾರಾವಾಹಿಯಲ್ಲಿ ಅತ್ತು ಪಳಗಿದವಳಿಗೆ ಅದೇನು ಕಷ್ಟ? ಸಭಾಂಗಣ ಇಡೀ ಎದ್ದು ನಿಂತಿತು. ಬಣ್ಣದವನು ಮಗುವನ್ನೆತ್ತಿಕೊಂಡು ವೇದಿಕೆಗೆ ಓಡಿದ.

"ಸೂಪರ್!" ಹೆಡ್‌ಫೋನಿನಲ್ಲಿ ಮ್ಯಾನೇಜರ್ ಕಿರುಚಿದ. "ಹಾಡ್ಬೇಡಿ, ಹಾಡ್ಬೇಡಿ, ಅಳಲಿ ಬಿಡಿ!"

ಟ್ರ್ಯಾಕಮ್ಮ ಹಾಡಿದಳು. ಶ್ರುತಿ ಕೆಡಿಸಿ, ತಾಳ ತಪ್ಪಿಸಿ, ಗಂಟಲು ಹರಿಯುವಂತೆ ಅರಚಿದಳು. ಮೈಕನ್ನು ಆಗಲೇ ಮುಚ್ಚಿದ್ದರು. ಪ್ಲೈವುಡ್ ಗೋಡೆ ಬಿಟ್ಟರೆ ಕೇಳುವವರಿರಲಿಲ್ಲ. ಪರದೆಯ ಮೂಲೆಯಲ್ಲಿ ನಟಿಯ ಓಟು ಉಕ್ಕಿದ ಹಾಲಿನಂತೆ ಏರುತ್ತಿತ್ತು. ಎದ್ದು ಬಾಗಿಲ ಹಿಡಿಗೆ ಕೈ ಹಾಕಿದಳು. ಹೊರಗೆ ಓಡಿ, ಹಾಡಿದ್ದು ಅವಳಲ್ಲ ನಾನು ಎಂದು ಕೂಗಿಬಿಡಲೇ? ಕೂಗಿದರೆ ನೀನು ಯಾರು ಎಂದು ಕೇಳುತ್ತಾರೆ, ಗುಬ್ಬಿಯ ನೆಂಟು ಹೊರಬೀಳುತ್ತದೆ, ಎರಡು ಮಕ್ಕಳೂ ಬೀದಿಗೆ. ಹಿಡಿಯ ಮೇಲೆ ಕೈ ಹಾಗೇ ಇತ್ತು, ಹೊರಗೆ ಗೆದ್ದವಳೆಂದು ನಟಿಯ ಹೆಸರು ಕೂಗುವುದು ಕೇಳಿಸಿತು.

ಆಮೇಲೆ ನಟಿಯೇ ಗೂಡಿಗೆ ಬಂದು ಅವಳನ್ನು ತಬ್ಬಿಕೊಂಡಳು. ಕೆನ್ನೆಯ ಬಣ್ಣ ಇಳಿದಿತ್ತು. "ಅಕ್ಕಾ, ಅದು ಒಡೆದದ್ದು ಬೇಕಂತಲೇ ಮಾಡಿದ್ದಾ?"

"ಹೌದು," ಎಂದಳು ಟ್ರ್ಯಾಕಮ್ಮ.

"ನಂಗೊತ್ತಿತ್ತು! ಆ ಮಗೂನ ಉಳಿಸಿದ್ದು ನೀವು ಅಕ್ಕ. ಯಾರಿಗೂ ಗೊತ್ತಾಗಲ್ಲ, ಆದ್ರೆ ನಾನು ಸಾಯೋವರೆಗೂ ಮರೆಯಲ್ಲ." ಅವಳ ಕಣ್ಣಲ್ಲಿ ಈ ಸಲ ನಿಜವಾದ ನೀರಿತ್ತು. ಟ್ರ್ಯಾಕಮ್ಮನಿಗೆ ಅವಳನ್ನು ದ್ವೇಷಿಸಲೂ ಆಗಲಿಲ್ಲ.

ಓಣಿಗೆ ಬಂದು ಮನೆಗೆ ಫೋನ್ ಮಾಡಿದಳು. ತಂಗಿ ಎತ್ತಿದರೆ ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಎತ್ತಿದ್ದು ಗುಬ್ಬಿ.

"ದೊಡ್ಡಮ್ಮ, ಅಮ್ಮ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದಾಳೆ. ನಂಗೆ ಕೇಳ್ಸಲ್ಲ ಅಂದ್ಕೊಂಡಿದಾಳೆ."

"ಪುಟ್ಟಾ, ಬೇರೆ ಏನಾದ್ರೂ ದಾರಿ..."

"ಅದು ನೀನೇ ಅಲ್ವಾ?"

"ಯಾವ್ದು?"

"ನಟಿ ಹಾಡಿದ್ದು. ಬಾಯಿ ಅವಳದ್ದು, ದನಿ ನಿಂದು. ಮೊದಲನೇ ವಾರಾನೇ ಗೊತ್ತಾಯ್ತು ನಂಗೆ. ಪಾತ್ರೆ ತೊಳೀವಾಗ ಹಾಡ್ಕೋತೀಯಲ್ಲ, ಅದೇ ಹಾಡು. ನೀನು ಹೇಳ್ಲಿಲ್ಲ ಅಂದ್ಮೇಲೆ ಗುಟ್ಟು ಅಂತ ನಾನೂ ಅಮ್ಮಂಗೆ ಹೇಳ್ಲಿಲ್ಲ."

ಟ್ರ್ಯಾಕಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಗುಬ್ಬಿ ಉಸಿರು ತೆಗೆದುಕೊಳ್ಳಲು ಮಾತಿನ ನಡುವೆ ನಿಲ್ಲುತ್ತಿದ್ದಳು, ಆ ಸದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು.

"ಇವತ್ತು ಮೇಲೆ ಹೋದಾಗ ಒಡೆದ್ಹೋಯ್ತಲ್ಲ, ನಂಗೆ ಭಯ ಆಯ್ತು. ನೀನು ಯಾವತ್ತೂ ಹಾಗೆ ಹಾಡಲ್ಲ. ಎಲ್ರೂ ನಿನ್ನ ಬೈತಾರೆ, ನೀನು ಸೋತ್ಹೋಗ್ತೀಯ ಅನ್ನಿಸ್ತು. ಫೋನು ನನ್ನ ಹತ್ರಾನೇ ಇತ್ತಲ್ಲ. ಹತ್ತು ಓಟೂ ನಿಂಗೇ ಒತ್ತಿಬಿಟ್ಟೆ. ಅಮ್ಮಂಗೆ ಹೇಳ್ಬೇಡ, ಆಯ್ತಾ?"

ಬಣ್ಣದವನು ಮಗುವನ್ನು ಹೆಗಲಿಗೆ ಹಾಕಿಕೊಂಡು ಎದುರಿನಿಂದ ಬಂದ. ಅಳುತ್ತ, ನಗುತ್ತ, ಅವಳಿಗೆ ತಲೆಬಾಗಿ ದಾಟಿಹೋದ. ಮಗು ನಿದ್ದೆಹೋಗಿತ್ತು.

"ದೊಡ್ಡಮ್ಮ? ಕೋಪನಾ?"

"ಇಲ್ಲ ಕಣೇ."

"ಮತ್ತೆ? ಗೆದ್ದೆಯಲ್ಲ ನೀನು, ಖುಷಿ ಆಗ್ಲಿಲ್ವಾ?"

"ಆಯ್ತು ಪುಟ್ಟ. ತುಂಬಾ ಖುಷಿ ಆಯ್ತು," ಎಂದಳು. ದನಿ ಒಡೆಯದಂತೆ ಅಷ್ಟು ಹೇಳಲು ಅವಳಿಗೆ ಹರೆಯದಿಂದ ಕಲಿತ ಕಸುಬೆಲ್ಲ ಬೇಕಾಯಿತು.