ಮುಂದಿನ ಟೈರಿನ ವಯಸ್ಸು

ಹಲ್ಲಿನ ಡಾಕ್ಟರಮ್ಮನಿಗೆ ತನ್ನ ಸೈಕಲ್ ಎಂದರೆ ಪ್ರಾಣ. ತೆಳ್ಳನೆಯ ಟೈರು, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು, ಒಂದೇ ಕೈಯಲ್ಲಿ ಎತ್ತುವಷ್ಟು ಹಗುರವಾದ ರೋಡ್ ಬೈಕು ಅದು. ಶನಿವಾರ ಸಂಜೆ ಬಾಲ್ಕನಿಯಲ್ಲಿ ಅದರ ಆರೈಕೆ ನಡೆಯುತ್ತಿತ್ತು. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಚೈನಿನ ಸಂದಿಸಂದಿ ಉಜ್ಜಿ, ಎಣ್ಣೆ ಬಿಟ್ಟು ಒರೆಸಿ, ಗಾಳಿ ಅಳೆದು, ಕೊನೆಗೆ ಆ ವಾರ ಓಡಿಸಿದ ಕಿಲೋಮೀಟರನ್ನು ಪುಸ್ತಕದಲ್ಲಿ ಬರೆದಿಡುವಳು.

ಅವಳ ಪ್ರಕಾರ ಹಿಂದಿನ ಟೈರು ಮೂರು ಸಾವಿರ ಕಿಲೋಮೀಟರ್ ಬಾಳುತ್ತದೆ, ಮುಂದಿನದು ಆರು ಸಾವಿರ. ಮೈಭಾರವೆಲ್ಲ ಹಿಂದಕ್ಕೇ ಬೀಳುವುದರಿಂದ ಹಿಂದಿನದು ಬೇಗ ಸವೆದು ಚಪ್ಪಟೆಯಾಗುತ್ತದೆ, ಅದನ್ನಾಗಲೇ ಬದಲಿಸಿದ್ದಳು. ಮುಂದಿನದು ಮಾತ್ರ ಏಳು ವರ್ಷದ ಕೆಳಗೆ ಸೈಕಲ್ ಜೊತೆಗೇ ಬಂದದ್ದು. ಮಧ್ಯೆ ಐದು ವರ್ಷ, ಕ್ಲಿನಿಕ್ ಶುರು ಮಾಡಿದ ಗಡಿಬಿಡಿಯಲ್ಲಿ, ಸೈಕಲ್ ಬಾಲ್ಕನಿಯಲ್ಲೇ ಬಿಸಿಲು ಕಾಯುತ್ತ ನಿಂತಿತ್ತು. ಹಾಗಾಗಿ ಓಡಿದ್ದು ಬರೀ ನಾಲ್ಕು ಸಾವಿರ.

ಆ ಶನಿವಾರ ಅವಳ ಮಾವ ಬಾಲ್ಕನಿಗೆ ಬಂದರು. ಮೂವತ್ತೆರಡು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಕುಕ್ಕರುಗಾಲಲ್ಲಿ ಕೂತು ಮುಂದಿನ ಟೈರಿನ ಪಕ್ಕೆಯನ್ನು ಅಂಗೈಯಿಂದ ಸವರಿದರು.

"ಇದು ಬೇಡ ಕಣಮ್ಮ. ತೆಗೆದುಹಾಕು."

"ಇನ್ನೂ ಎರಡು ಸಾವಿರ ಓಡತ್ತೆ ಮಾವ. ನೋಡಿ, ಮೇಲ್ಗಡೆ ಹೊಸದರ ಹಾಗೇ ಗುಂಡಗಿದೆ."

"ಮೇಲ್ಗಡೆ ಬಿಡು. ಪಕ್ಕೆ ನೋಡು, ಒಡೆದ ಹಿಮ್ಮಡಿ ಹಾಗಿದೆ. ಓಡಿದ್ದನ್ನ ಮಾತ್ರ ಲೆಕ್ಕ ಹಾಕಿದ್ರೆ ಆಗಲ್ಲ, ನಿಂತಿದ್ದನ್ನೂ ಹಾಕ್ಬೇಕು. ಬಿಸಿಲು ರಬ್ಬರನ್ನ ತಿಂದುಹಾಕತ್ತೆ."

"ನಿಮ್ಮ ಬಸ್ಸಿನ ಟೈರೇ ಬೇರೆ, ಇದೇ ಬೇರೆ."

"ಹೌದೌದು. ಹಲ್ಲು ಗಟ್ಟಿ ಇದೆ ಅಂತ ವಸಡು ನೋಡದೆ ಕಳಿಸಿಬಿಡ್ತೀಯಾ ನೀನು?"

ಒಳಗೆ ಕೂತಿದ್ದ ಗಂಡ ಕಿಸಕ್ಕೆಂದು ನಕ್ಕು, ಹೆಂಡತಿಯ ಮುಖ ಕಂಡ ಕೂಡಲೇ ಪೇಪರನ್ನು ಮೂಗಿನವರೆಗೆ ಏರಿಸಿದ. ಸ್ಟೋರ್ ರೂಮಿನ ಮೊಳೆಗೆ ಹೊಸ ಟೈರೊಂದು ತೂಗುಹಾಕಿಯೇ ಇತ್ತು. ಆದರೂ ಡಾಕ್ಟರಮ್ಮ ಹಟಕ್ಕೆ ಬಿದ್ದು ಹಳೆಯದರಲ್ಲೇ ಭಾನುವಾರ ಬೆಳಿಗ್ಗೆ ಗುಡ್ಡದ ರಸ್ತೆ ಹಿಡಿದಳು.

ಏರುವಾಗ ಏನೂ ಆಗಲಿಲ್ಲ. ತುದಿಯಲ್ಲಿ ನೀರು ಕುಡಿದು, ಮಾವನಿಗೆ ಏನು ಹೇಳಬೇಕೆಂದು ಒಂದೆರಡು ಚುರುಕು ಮಾತನ್ನೂ ಹೊಂದಿಸಿಕೊಂಡಳು. ಇಳಿಯತೊಡಗಿ ಮೊದಲ ತಿರುವು ದಾಟಿದಳೋ ಇಲ್ಲವೋ, ಹ್ಯಾಂಡಲ್ಲು ಸಣ್ಣಗೆ ಕುಪ್ಪಳಿಸಿತು. ಟಪ್, ಟಪ್, ಟಪ್. ಚಕ್ರ ಒಂದು ಸುತ್ತು ಬಂದಾಗೆಲ್ಲ ಒಂದು ಪೆಟ್ಟು. ಹಿಂದಿನ ಬ್ರೇಕನ್ನಷ್ಟೇ ನಯವಾಗಿ ಒತ್ತುತ್ತ, ರಸ್ತೆಯಂಚಿನ ಬಸ್ ಸ್ಟಾಪಿನ ಪಕ್ಕ ನಿಲ್ಲಿಸಿದಳು.

ಟೈರಿನ ಪಕ್ಕೆಯಲ್ಲಿ ಗೋಲಿಯಷ್ಟು ದಪ್ಪದ ಉಬ್ಬು ಎದ್ದಿತ್ತು, ಥೇಟು ವಸಡಿನ ಬಾವಿನ ಹಾಗೆ. ಇನ್ನು ನಾಲ್ಕು ತಿರುವು ಇಳಿದಿದ್ದರೆ ಒಡೆದೇ ಹೋಗುತ್ತಿತ್ತು. ಗಾಳಿ ಬಿಟ್ಟು ಮನೆಗೆ ಫೋನ್ ಮಾಡಿದಳು.

"ಮಾವ..."

"ಉಬ್ಬಿತಾ?"

"ಹೂಂ."

"ನೀನು ಹೇಗಿದ್ದೀಯ?"

"ಏನೂ ಆಗಿಲ್ಲ."

"ಅಷ್ಟು ಸಾಕು. ಎಲ್ಲಿದ್ದೀಯ ಹೇಳು."

ಮುಕ್ಕಾಲು ಗಂಟೆಯಲ್ಲಿ ಕೆಳಗಿನಿಂದ ಬಸ್ಸು ಬಂತು. ಹೊಸ ಟೈರನ್ನು ಹಾರದಂತೆ ಕೊರಳಿಗೆ ಹಾಕಿಕೊಂಡು ಮಾವ ಇಳಿದರು. ನಾನು ಹೇಳಿರಲಿಲ್ವಾ ಎಂಬ ಮಾತು ಈಗ ಬಂತು, ಆಗ ಬಂತು ಎಂದು ಅವಳು ಕಾದಳು. ಅದು ಬರಲೇ ಇಲ್ಲ. ಬೈದಿದ್ದರೇ ವಾಸಿಯಿತ್ತು.

ಮಾವ ಕಲ್ಲಿನ ಮೇಲೆ ಕೂತು ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡರು. ಹಳೇ ಟೈರು ಕಳಚಿ, ರಿಮ್ಮಿನ ಒಳಗೆಲ್ಲ ಬೆರಳಾಡಿಸಿ ನೋಡಿ, ಹೊಸದನ್ನು ಎರಡು ಹೆಬ್ಬೆರಳಿನಿಂದಲೇ ಒತ್ತಿ ಕೂರಿಸಿದರು. ಡಾಕ್ಟರಮ್ಮ ಪಂಪು ಹೊಡೆದಳು.

"ತಪ್ಪಾಯ್ತು ಮಾವ," ಎಂದಳು ಮೆಲ್ಲಗೆ.

"ಅದಿರ್ಲಿ. ಒಂದು ಸುತ್ತು ಹೊಡೆದು ನೋಡ್ಲಾ?"

ಅವಳು ಹೂಂ ಅನ್ನುವಷ್ಟರಲ್ಲಿ ಅವರ ಕಾಲು ಪೆಡಲ್ ಮೇಲಿತ್ತು. ಮೊದಲು ಆ ಕಡೆ ಈ ಕಡೆ ಓಲಾಡಿದರು, ಇನ್ನೇನು ಮಗುಚಿಬಿದ್ದರು ಅನ್ನುವಾಗ ನೆಟ್ಟಗಾದರು. ವಾಪಸು ಬಂದಾಗ ಮುಖ ಊರಗಲವಾಗಿತ್ತು.

"ಅಲ್ಲಮ್ಮ, ಇಂಥದ್ದನ್ನ ಇಟ್ಕೊಂಡು ನನಗೆ ದಿನಾ ಪಾರ್ಕಲ್ಲಿ ವಾಕಿಂಗ್ ಹೋಗಿ ಅಂತೀಯಲ್ಲ! ಹೆಲ್ಮೆಟ್ ಕೊಡು. ನೀನು ಬಸ್ಸಲ್ಲಿ ಬಾ."

"ಮಾವ, ಮನೆ ಹದಿನಾಲ್ಕು ಕಿಲೋಮೀಟರ್!"

"ಇಳಿಜಾರು ತಾನೆ? ಈ ರಸ್ತೆಯ ಒಂದೊಂದು ತಿರುವೂ ನನಗೆ ಬಾಯಿಪಾಠ."

ತಡೆದರೆ ಕೇಳುವವರಲ್ಲ. ಹಿಂತಿರುಗಿ ಬಂದ ಅದೇ ಬಸ್ಸಿನ ಮುಂದಿನ ಸೀಟಿನಲ್ಲಿ ಡಾಕ್ಟರಮ್ಮ ಕೂತಳು. ಜೀವವೆಲ್ಲ ಕಣ್ಣಿನಲ್ಲಿತ್ತು. ಗುಡ್ಡದ ಬುಡದಲ್ಲಿ ಮಾವ ಸಿಕ್ಕರು. ಅಂಗಿ ಗಾಳಿಗೆ ಉಬ್ಬಿತ್ತು, ಬೆನ್ನು ಮಾತ್ರ ಬಸ್ಸಿನ ಡ್ರೈವರ್ ಸೀಟಿನಲ್ಲಿ ಕೂತಷ್ಟೇ ನೆಟ್ಟಗಿತ್ತು. ಡ್ರೈವರ್ ಹಾರ್ನ್ ಒತ್ತಿದ. ಮಾವ ತಿರುಗಿಯೂ ನೋಡದೆ, ಮುಂದೆ ಹೋಗಪ್ಪ ಎಂದು ಗತ್ತಿನಿಂದ ಕೈಬೀಸಿದರು.

"ಯಾರು ಮೇಡಂ ಅದು?" ಎಂದು ಪಕ್ಕದ ಹೆಂಗಸು ಕೇಳಿದಳು.

"ನಮ್ಮ ಮಾವ," ಎಂದು ಡಾಕ್ಟರಮ್ಮ ಬಸ್ಸಿಗೆಲ್ಲ ಕೇಳುವಂತೆ ಹೇಳಿದಳು.

ಸೋಮವಾರ ಮಾವ ಗೋಡೆ ಹಿಡಿದುಕೊಂಡೇ ನಡೆದರು. ತೊಡೆಗಳು ಬಿಗಿದು ಕಲ್ಲಾಗಿದ್ದವು. ಕಾಫಿ ಲೋಟ ಹಿಡಿದು ಸೊಸೆಯ ಮುಂದೆ ಮೆಲ್ಲಗೆ ಕೂತು ಕೇಳಿದರು: "ನನ್ನ ಎತ್ತರಕ್ಕೆ ಯಾವ ಸೈಜಿನದು ಸರಿಹೋಗತ್ತೆ?"