ಜೋಡಿ ಫೀಸು

ಹುಲಿಯಪ್ಪ ಒಂದು ಸುತ್ತು ತಿರುಗಿದ ರಭಸಕ್ಕೆ ಗೊರೂರು ಡ್ಯಾಮಿನಲ್ಲಿ ನೀರು ಒಂದಡಿ ಮೇಲೆದ್ದಿತು, ಎದ್ದೇ ಇರುತ್ತದೆ, ಹೋಗಿ ನೋಡಿದವರು ಇಲ್ಲದಿದ್ದರೇನು, ಈ ಕನ್ನಡಿ ನೋಡುತ್ತಿದೆಯಲ್ಲ — ಗೋಡೆಯುದ್ದದ ಕನ್ನಡಿ, ಅದರೊಳಗೆ ಪಂಚೆ ಬಿಟ್ಟು ಪ್ಯಾಂಟು ತೊಟ್ಟ ಒಬ್ಬ ಗಂಡಸು, ಹಾಸನದ ಟೈರಂಗಡಿಯ ಮೇಲಿನ ಈ ಹಾಲಿನಲ್ಲಿ, ಸಂತೆ ಮುಗಿಸಿ ನೇರ ಬಂದವನು, ಪ್ರೇಕ್ಷಾ ಮೇಡಂ ಕೈ ಹಿಡಿದು ಬಾಲ್‌ರೂಮ್ ಡ್ಯಾನ್ಸು ಕಲಿಯುತ್ತಿದ್ದಾನೆ, ಒಂದ್, ಎರಡ್, ಮೂರ್, ಅಂಕಲ್ ನೆಲ ನೋಡಬೇಡಿ, ನೆಲ ಯಾರು ನೋಡಿದರು ತಾಯಿ, ನೆಲವೇ ಈ ಕಾಲು ನೋಡಿ ನಾಚಿಕೊಳ್ಳುತ್ತಿದೆ, ಒಂದ್, ಎರಡ್, ಅಂಕಲ್ ಅದು ನನ್ನ ಕಾಲು. ಆದರೂ ಮೊದಲ ವಾರವೇ ಹೇಳಿದ್ದಳು ಹುಡುಗಿ, ನಿಮ್ಮ ಹೆಜ್ಜೆ ಹೇಗಾದರೂ ಇರಲಿ, ಕೈ ಮಾತಾಡುತ್ತೆ, ಯಾವ ಕಡೆ ತಿರುಗಬೇಕು ಅಂತ ನಿಮ್ಮ ಕೈಯೇ ನನಗೆ ಹೇಳಿಬಿಡುತ್ತೆ — ಹೇಳದೆ ಏನು, ದನದ ದಲ್ಲಾಳಿಯ ಕೈ, ಚನ್ನರಾಯಪಟ್ಟಣದಿಂದ ಕೊಣನೂರಿನವರೆಗೆ ಯಾವ ಸಂತೆಯಲ್ಲೂ ಬೆಲೆಯನ್ನು ಬಾಯಲ್ಲಿ ಆಡಿದವನಲ್ಲ, ಕೊಳ್ಳುವವನ ಕೈಮೇಲೆ ಟವಲ್ಲು ಹೊದಿಸಿ ಕೆಳಗೆ ಬೆರಳು ಹಿಡಿಯುವುದು, ಹಿಡಿದಷ್ಟು ಬೆರಳು ಅಷ್ಟು ಸಾವಿರ, ಸುತ್ತ ಮುತ್ತಿಕೊಂಡವರಿಗೆ ಟವಲ್ಲು ಕಾಣುತ್ತದೆ, ಮಾತು ಕಾಣುವುದಿಲ್ಲ. ಈಗ ಆ ಟವಲ್ಲು ಕಿಟಕಿಯ ಸರಳಿಗೆ ನೇತುಬಿದ್ದಿದೆ, ಫ್ಯಾನಿನ ಗಾಳಿಗೆ ಅಲ್ಲಾಡುತ್ತಿದೆ, ಒಂದ್, ಎರಡ್, ಮೂರ್.

ಹೆಂಡತಿ ಬೆಳ್ಳಮ್ಮನಿಗೂ ಆ ಬೆರಳ ಮಾತು ಬರುತ್ತದೆ, ಅವನೇ ಕಲಿಸಿದ್ದು, ಮದುವೆಯಾದ ಹೊಸದರಲ್ಲಿ, ಶಾಂತಿಗ್ರಾಮದ ಮನೆಯ ಜಗುಲಿಯಲ್ಲಿ ಅವಳ ಸೆರಗಿನ ಕೆಳಗೆ ಕೈಯಿಟ್ಟು, ಇದು ನೂರು, ಇದು ಸಾವಿರ, ಬುಡಿ ಯಾರಾರ ನೋಡಾರು ಅಂತ ಅವಳು ನಗುತ್ತಿದ್ದಳು, ಕೈ ಮಾತ್ರ ಎಳೆದುಕೊಳ್ಳುತ್ತಿರಲಿಲ್ಲ. ಆಮೇಲೆ ಎತ್ತೋ ಎಮ್ಮೆಯೋ ಮಾರಿ ಮನೆಗೆ ಬಂದಾಗ, ನಾಕು ಜನ ಕೂತಿದ್ದರೆ, ಕಾಫಿ ಲೋಟ ಕೊಡುವ ನೆಪದಲ್ಲಿ ಸೆರಗು ಮುಂದಕ್ಕೆ ತಂದು ಅವನ ಬೆರಳು ಹಿಡಿಯುವಳು, ಎಷ್ಟಕ್ಕೆ ಹೋಯ್ತು, ಅವನು ಒತ್ತಿ ಹೇಳುವನು, ಮೂರು ಸಾವಿರಕ್ಕೆ ಹೋದದ್ದನ್ನು ಐದು ಅಂತ, ಬಾಯಿ ಸುಳ್ಳು ಹೇಳಿದರೆ ಕೈಯೂ ಹೇಳಬೇಡವೇ, ಅವಳು ಮುಖದಲ್ಲಿ ಏನೂ ತೋರದೆ ಒಳಗೆ ಹೋಗುವಳು, ನಂಬಿದಳೋ ಇಲ್ಲವೋ ಅವನು ಒಂದು ದಿನವೂ ಕೇಳಲಿಲ್ಲ — ಅಂಕಲ್ ಎಲ್ಲಿದ್ದೀರಾ, ಮ್ಯೂಸಿಕ್ ಮುಂದೆ ಹೋಯ್ತು. ಎಲ್ಲಿದ್ದಾನೆ, ಈ ಕ್ಲಾಸಿಗೆ ಬಂದ ಮೊದಲ ದಿನದಲ್ಲಿದ್ದಾನೆ, ಮಗಳು ಬಿಂದುಶ್ರೀ ಮಾಡಿದ್ದು ಇದೆಲ್ಲ, ಅಪ್ಪಾ ನನ್ನ ಮದುವೆ ರಿಸೆಪ್ಷನ್‌ನಲ್ಲಿ ನಮ್ಮ ಅತ್ತೆ ಮಾವ ಜೋಡಿ ಡ್ಯಾನ್ಸ್ ಮಾಡ್ತಾರಂತೆ, ನೀನೂ ಅಮ್ಮನೂ ಒಂದ್ನಿಮ್ಷ ಮಾಡಿ ಸಾಕು. ಒಂದ್ನಿಮ್ಷ ಯಾಕವ್ವ, ಬೀಗರು ಸ್ಟೇಜ್ ಬುಟ್ಟು ಓಡೋ ಅಂಗೆ ಮಾಡ್ತೀನಿ, ಅಂದು ಬಂದವನಿಗೆ ಪ್ರೇಕ್ಷಾ ಹೇಳಿದಳು, ಜೋಡಿಗೆ ನಾಲ್ಕು ಸಾವಿರ, ಒಬ್ಬರೇ ಬಂದರೂ ಅಷ್ಟೇ ಅಂಕಲ್, ಆಂಟಿನ ಕರ್ಕೊಂಡು ಬನ್ನಿ. ಹೇಳಿದ ಬೆಲೆಗೆ ತಲೆಯಾಡಿಸಿದರೆ ಅವನು ದಲ್ಲಾಳಿ ಹೇಗಾದಾನು, ಬಾಯಿ ತಾನಾಗಿ ತೆರೆಯಿತು, ಎಲ್ಲಿ ಆಂಟಿ ಕಣವ್ವ, ಓಗ್ಬುಟ್ಳು, ಮೂರು ವರ್ಷಾಯ್ತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ನಿಲ್ಲಿಸಿದರೆ ಹುಲಿಯಪ್ಪ ಅಲ್ಲ, ಸತ್ತವಳು ದಂತದ ಬೊಂಬೆಯಂತಿದ್ದಳು, ಹಾಡಿದರೆ ಗೊಡ್ಡೆಮ್ಮೆಯೂ ಹಾಲು ಕೊಡುತ್ತಿತ್ತು, ಹೊತ್ತುಕೊಂಡು ಹೋಗುವಾಗ ಹೈವೇಯಲ್ಲಿ ಬಸ್ಸುಗಳು ನಿಂತವು, ಹುಡುಗಿ ಕಣ್ಣೊರೆಸಿಕೊಂಡು ಎರಡೇ ಕೊಡಿ ಅಂಕಲ್ ಅಂದಳು. ವ್ಯಾಪಾರ ಅಂದರೆ ಅದು. ಮನೆಗೆ ಹೋಗಿ ಬರೀ ಗಂಡಸರ ಕ್ಲಾಸು ಕಣೇ, ಕಲ್ತು ನಿನಗೆ ಕೊಟ್ಟಿಗೆ ಮುಂದೆ ಹೇಳಿಕೊಡ್ತೀನಿ ಅಂದ, ಹೇಳಿಕೊಡಲಿಲ್ಲ. ಎರಡು ಸಾವಿರ ಉಳಿಸಲಿಕ್ಕೆಂದೇ ಅಂತ ಅವನು ತನಗೇ ಹೇಳಿಕೊಂಡಿದ್ದಾನೆ, ಆದರೆ ಫೀಸು ಕೇಳುವ ಮೊದಲೇ ಈ ಕನ್ನಡಿಯಲ್ಲಿ ಅವಳನ್ನು ನಿಲ್ಲಿಸಿ ನೋಡಿದ್ದನಲ್ಲ, ಒಡೆದ ಹಿಮ್ಮಡಿ, ಸಗಣಿಯ ಗೆರೆ ಕೂತ ಉಗುರು, ಮೊಣಕಾಲ ನೋವಿಗೆ ಒಂದು ಪಕ್ಕಕ್ಕೆ ವಾಲುವ ನಡಿಗೆ — ನೋಡಿ ಕಣ್ಣು ತಿರುಗಿಸಿದ್ದನಲ್ಲ, ಅದು ಯಾವ ಲೆಕ್ಕ.

ಒಂದ್, ಎರಡ್ — ಕನ್ನಡಿಯಲ್ಲಿ ಬಾಗಿಲು ತೆರೆಯಿತು, ಬಾಗಿಲಲ್ಲಿ ಬೆಳ್ಳಮ್ಮ, ಬೆವೆತ ಮುಖ, ಕೈಯಲ್ಲಿ ಬಟ್ಟೆಯ ಬ್ಯಾಗು, ಮೆಟ್ಟಿಲ ಹತ್ತಿರ ಬಿಟ್ಟ ಶೂಗಳ ಪಕ್ಕ ಅವಳ ಚಪ್ಪಲಿ, ಇವಳು ಹೇಗೆ, ಯಾವ ಬಸ್ಸು. ಯಾರು ಬೇಕಿತ್ತಮ್ಮ. ಉಲಿಯಪ್ಪೋರ ಮನೆಯೋಳು ಕಣವ್ವ, ಗಂಡ ಎಂಡ್ತಿ ಇಬ್ರೂ ಬರ್ಬೇಕಂತೆ ಕ್ಲಾಸಿಗೆ ಅಂತ ಮಗಳು ಫೋನ್ ಮಾಡಿದ್ಲು, ಬಂದ್ಬುಟ್ಟೆ. ಪ್ರೇಕ್ಷಾಳ ಮುಖ ಅರಳಿತು, ಅಯ್ಯೋ ಅಂಕಲ್, ಮತ್ತೆ ಮದುವೆ ಆದದ್ದು ಹೇಳಲೇ ಇಲ್ಲ, ಒಳ್ಳೇದಾಯ್ತು ಬಿಡಿ, ಮೊದಲನೇ ಆಂಟಿ ತೀರಿಕೊಂಡದ್ದು ಕೇಳಿ ಎಷ್ಟು ಬೇಜಾರಾಗಿತ್ತು, ಅದಕ್ಕೇ ಅಲ್ವಾ ಆಂಟಿ, ನಾನು ಅರ್ಧ ಫೀಸು ತಗೊಂಡದ್ದು. ಡ್ಯಾಮು ತುಳುಕಿಸಿದವನು ಈಗ ನೆಲ ನೋಡುತ್ತಿದ್ದಾನೆ. ಬೆಳ್ಳಮ್ಮ ಅವನನ್ನು ನೋಡಲಿಲ್ಲ, ಹೌದಾ, ಅಂದಳು, ತೀರ್ಕೊಂಡ್ರಾ ಪಾಪ, ಹೆಂಗಿದ್ರಂತೆ. ತುಂಬಾ ಚೆನ್ನಾಗಿದ್ರಂತೆ ಆಂಟಿ, ಬೊಂಬೆ ಥರ. ಇದ್ದಿರ್ಬೋದು ಕಣವ್ವ, ನಾನು ನೋಡ್ಲಿಲ್ಲ. ಬ್ಯಾಗು ಗೋಡೆಗೆ ಒರಗಿಸಿ, ವಾಲುತ್ತ ನಡೆದು ಬಂದು ಅವನೆದುರು ನಿಂತಳು, ಹೆಂಗೆ ಇಡೀಬೇಕು ಹೇಳವ್ವ ಅಂದಳು, ಪ್ರೇಕ್ಷಾ ಅವಳ ಒಂದು ಕೈಯೆತ್ತಿ ಅವನ ಭುಜದ ಮೇಲಿಟ್ಟಳು, ಇನ್ನೊಂದನ್ನು ಅವನ ಅಂಗೈಗೆ ಕೊಟ್ಟಳು, ಮ್ಯೂಸಿಕ್ ಹಾಕಲು ಆಚೆ ಹೋದಳು. ಬೆಳ್ಳಮ್ಮ ಸೆರಗು ಮುಂದಕ್ಕೆ ಎಳೆದಳು, ಎರಡೂ ಕೈ ಮುಚ್ಚಿತು, ಕೆಳಗೆ ಅವಳ ಬೆರಳು ಅವನ ಬೆರಳು ಹುಡುಕಿ ಹಿಡಿಯಿತು, ಹಿಡಿದು ಕಾಯಿತು — ಎಷ್ಟಕ್ಕೆ ಹೋಯ್ತು. ಐದೂ ಬೆರಳು ಒತ್ತಬಹುದಿತ್ತು, ಲಕ್ಷ ಅನ್ನಬಹುದಿತ್ತು, ಕೋಟಿಗೂ ಕೊಡಲಿಲ್ಲ ಅನ್ನಬಹುದಿತ್ತು, ಕಿಟಕಿಯಲ್ಲಿ ಟವಲ್ಲು ಸುಮ್ಮನೆ ಅಲ್ಲಾಡುತ್ತಿದೆ, ಹಾಡು ಶುರುವಾಗಿದೆ, ಅವಳು ಕಾಯುತ್ತಿದ್ದಾಳೆ, ಸೆರಗಿನ ಕೆಳಗೆ ಅವನು ಅವಳ ಎರಡು ಬೆರಳು ಹಿಡಿದ, ಎರಡೇ, ಉಳಿಸಿದಷ್ಟೇ, ಅವಳು ಬಿಡಿಸಿಕೊಳ್ಳಲಿಲ್ಲ, ಒರಟು ಬೆರಳು, ಎರಡು, ಸೆರಗಿನ ಕೆಳಗೆ, ಎರಡು.