ನಾಲ್ಕು ಗಂಟೆಯ ಪರಪರ

ಅತ್ತೆ ಹೋಗಿ ಮೂರು ತಿಂಗಳಾಯಿತು. ಅಂದಿನಿಂದ ಮಧ್ಯಾಹ್ನ ನಾಲ್ಕಾದರೆ ಸಾಕು, ಅಡುಗೆಮನೆಯಲ್ಲಿ ಯಾರೋ ಬಿಸ್ಕತ್ತಿನ ಪೊಟ್ಟಣ ಬಿಚ್ಚುವ ಸದ್ದು, ಪರಪರ. ಹೊಲಿಗೆಯಂತ್ರ ನಿಲ್ಲಿಸಿ ಓಡುತ್ತೇನೆ. ಯಾರೂ ಇರುವುದಿಲ್ಲ. ಅಸಲಿಗೆ ನಮ್ಮ ಮನೆಯಲ್ಲಿ ಬಿಸ್ಕತ್ತಾದರೂ ಎಲ್ಲಿದೆ?

ಅದನ್ನು ಮನೆಯಿಂದ ಓಡಿಸಿದವಳು ನಾನೇ. ಹೋದ ವರ್ಷ ಡಾಕ್ಟರು ಗಂಡನಿಗೆ ಸಕ್ಕರೆ ಕಾಯಿಲೆ ಅಂದ ದಿನವೇ ನೂಡಲ್ಸು, ಸಾಸು, ಸೂಪಿನ ಪುಡಿ, ಬಿಸ್ಕತ್ತು ಎಲ್ಲವನ್ನೂ ಕಸದ ಬುಟ್ಟಿಗೆ ಸುರಿದೆ. ಕಾಳು ತಂದು, ತೊಳೆದು, ಒಣಗಿಸಿ, ಗಿರಣಿಯಲ್ಲಿ ಬೀಸಿಸಿದೆ. ಮನೆಯಲ್ಲೇ ಬೆಣ್ಣೆ ಕಡೆದೆ. ಎಲ್ಲರ ಬಾಯಿ ಕಟ್ಟಿಸಿದೆ. ಗಂಡನ ಸಕ್ಕರೆ ಇಳಿಯಿತು, ನನ್ನ ಜಂಬ ಏರಿತು.

“ಊಟ ಬಲ್ಲವನಿಗೆ ರೋಗವಿಲ್ಲ, ಅತ್ತೆ,” ಅನ್ನುತ್ತಿದ್ದೆ.

“ಮಾತು ಬಲ್ಲವನಿಗೆ ಜಗಳವಿಲ್ಲ. ಆ ಅರ್ಧ ನೀನು ಕಲೀಲೇ ಇಲ್ವಲ್ಲೇ!” ಎಂದು ಅವರು ನಗುತ್ತಿದ್ದರು.

ಮೂವತ್ತು ವರ್ಷ ಬಿಸ್ಕತ್ತು ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟಿದ ಕೈ ಅವರದು. ನಾಲ್ಕಕ್ಕೆ ಪಾಳಿ ಮುಗಿದರೆ ಟೀ ಜೊತೆ ಎರಡು ಒಡಕು ಬಿಸ್ಕತ್ತು. ಆ ದುಡಿಮೆಯಲ್ಲೇ ಮಗನನ್ನು ಓದಿಸಿದರು. ಯಾವ ಪೊಟ್ಟಣವೇ ಆಗಲಿ, ಅವರು ಬಾಯಿಯನ್ನು ಎರಡು ಮಡಿಕೆ ಮಡಿಚಿ ಮೂಲೆ ಒಳಗೆ ತೂರಿಸಿದರೆ, ಬಿಚ್ಚಿದ್ದೇ ಗೊತ್ತಾಗುತ್ತಿರಲಿಲ್ಲ.

ಕೊನೆಯ ದಿನ ನಾಲ್ಕು ಗಂಟೆಗೆ ಹಾಸಿಗೆಯಿಂದಲೇ ಕೇಳಿದರು. “ಒಂದೇ ಒಂದು ಬಿಸ್ಕತ್ತು ಕೊಡೇ. ಟೀಲಿ ಅದ್ಕೊಂಡು ತಿಂತೀನಿ.”

“ಅದು ವಿಷ ಅತ್ತೆ. ಸುಮ್ನೆ ಗಂಜಿ ಕುಡೀರಿ.”

ಅರ್ಧ ಲೋಟ ಕುಡಿದು, ಬಾಯಿ ಒರೆಸಿಕೊಂಡು, ಗೋಡೆ ಕಡೆ ತಿರುಗಿದರು. ಸಂಜೆಗೆ ಹೋಗಿಬಿಟ್ಟರು. ಅಯ್ಯೋ, ಅಂಗಡಿ ಎದುರುಗಡೆಯೇ ಇತ್ತು! ನನ್ನ ನಾಲಿಗೆ ಸೇದಿಹೋಗ!

ಈಗಿನ ಈ ಸದ್ದಿನ ವಿಷಯ ಹೇಳಿದರೆ, “ಇಲಿ ಇರ್ಬೇಕು ಬಿಡೇ,” ಅಂದರು ಗಂಡ. ಬೋನಿಟ್ಟೆ, ಇಲಿ ಬೀಳಲಿಲ್ಲ. ಕೊನೆಗೆ ನಾನೇ ಒಂದು ಬಿಸ್ಕತ್ತು ತಂದು, ಅತ್ತೆಯ ಟೀ ಲೋಟದ ಪಕ್ಕ ಇಟ್ಟು, “ತಪ್ಪಾಯ್ತು ಅತ್ತೆ,” ಅಂತ ಅತ್ತುಬಿಟ್ಟೆ. ಸದ್ದು ನಿಲ್ಲಲಿಲ್ಲ.

ಮೊನ್ನೆ ಹಿಟ್ಟಿನಲ್ಲಿ ಹುಳು ಕಂಡಿತು. ಮನೆಯ ಹಿಟ್ಟಿಗೆ ಹುಳು ಬೇಗ. ಇರುವುದು ಮುಗಿಯುವ ಮೊದಲೇ ಮೇಲೆ ಸುರಿಯುವ ಚಾಳಿ ನನ್ನದು, ಆ ದೊಡ್ಡ ಡಬ್ಬದ ತಳ ನೋಡಿ ಎಷ್ಟೋ ತಿಂಗಳಾಗಿತ್ತು. ಪೂರ್ತಿ ಬಗ್ಗಿಸಿದೆ. ತಳದಿಂದ ಒಂದು ಬಿಸ್ಕತ್ತಿನ ಪೊಟ್ಟಣ ಬಿತ್ತು. ಎರಡು ಮಡಿಕೆ, ಮೂಲೆ ಒಳಗೆ.

ಗಂಡನ ಮುಂದೆ ಹಿಡಿದೆ. “ಏನ್ರೀ ಇದು?”

ಅವರು ಪೊಟ್ಟಣ ಕೈಗೆ ತೆಗೆದುಕೊಂಡರು. “ನಾನೇ ಅಮ್ಮಂಗೆ ಕದ್ದು ತಂದ್ಕೊಟ್ಟಿದ್ದು, ಹಾಸಿಗೆ ಹಿಡಿಯೋಕೆ ಮುಂಚೆ. ಅರ್ಧ ತಿಂದ್ಲು, ಅರ್ಧ ಎತ್ತಿಟ್ಲು. ‘ಇದು ಅವಳ ಪಾಲು ಕಣೋ. ನಮಗೋಸ್ಕರ ತಾನೂ ಬಾಯಿ ಕಟ್ಕೊಂಡಿದಾಳೆ, ಪಾಪ. ಎಂದಾದ್ರೂ ಕೈಗೆ ಸಿಗುತ್ತೆ, ಬೈಕೊಂಡಾದ್ರೂ ತಿಂತಾಳೆ’ ಅಂದ್ಲು. ಎಲ್ಲಿಟ್ಟಿದಾಳೆ ಅಂತ ನಂಗೂ ಗೊತ್ತಿರ್ಲಿಲ್ಲ.”

ಹಾಗಾದರೆ ಆ ದಿನ ಒಂದೇ ಒಂದು ಬೇಡಿದಾಗ, ಡಬ್ಬದಲ್ಲಿ ಇದೆ ಎಂದು ಅತ್ತೆಗೆ ಗೊತ್ತಿತ್ತು. ನನ್ನ ಪಾಲೆಂದು ಬಾಯಿ ಬಿಡಲಿಲ್ಲ.

ನಾಲ್ಕಕ್ಕೆ ಟೀ ಮಾಡಿ ಪೊಟ್ಟಣ ಬಿಚ್ಚಿದೆ. ಪರಪರ. ಅದೇ ಸದ್ದು, ಈಗ ನನ್ನ ಕೈಯಲ್ಲಿ. ಬಿಸ್ಕತ್ತು ಮೆತ್ತಗಾಗಿ ಹಿಟ್ಟಿನ ವಾಸನೆ ಹೊಡೆಯುತ್ತಿತ್ತು. ಅಳುತ್ತಲೇ ಒಳಗಿದ್ದ ಐದನ್ನೂ ತಿಂದೆ.

ಆಮೇಲೆ ಸದ್ದು ಬರಲಿಲ್ಲ. ಈಗಲೂ ನಾಲ್ಕಾದರೆ ಯಂತ್ರ ನಿಲ್ಲಿಸಿ ಕಿವಿಗೊಟ್ಟು ಕೂರುತ್ತೇನೆ. ಒಂದೇ ಒಂದು ಸಲ ಬನ್ನಿ, ಅತ್ತೆ.